ಎರಡೆಕರೆ ತೋಟ ಮತ್ತು ಒಂದು ರಾತ್ರಿಯ ನಾಟಕ

ಪೀಣ್ಯಕ್ಕೆ ಬಂದ ಮೊದಲ ವಾರವೇ ನಾನೊಂದು ಸುಳ್ಳು ಹೇಳಿದೆ.

ಡಿಪ್ಲೊಮಾ ಮುಗಿಸಿ ಸಿಎನ್‌ಸಿ ಮಷೀನುಗಳಿರುವ ಒಂದು ಸಣ್ಣ ವರ್ಕ್‌ಶಾಪಿಗೆ ಟ್ರೈನಿಯಾಗಿ ಸೇರಿದ್ದೆ. ಟೀ ಬ್ರೇಕಿನಲ್ಲಿ ಸೀನಿಯರ್ ಒಬ್ಬರು 'ಯಾವೂರಪ್ಪ?' ಎಂದು ಕೇಳಿದರು. 'ಕೊಪ್ಪದ ಹತ್ತಿರ ಸಾರ್' ಎಂದೆ. 'ಓಹೋ, ಮಲೆನಾಡು! ಪುಣ್ಯವಂತರು ಕಣಯ್ಯಾ ನೀವು. ಎಷ್ಟು ಎಕರೆ ತೋಟ?'

ಎಷ್ಟು ಎಕರೆ ಎಂದು ಕೇಳಿದರೇ ಹೊರತು ತೋಟ ಇದೆಯಾ ಎಂದು ಕೇಳಲಿಲ್ಲ. ಮಲೆನಾಡು ಎಂದ ಮೇಲೆ ತೋಟ ಇರಲೇಬೇಕು, ಹೆಂಚಿನ ಮನೆ ಇರಲೇಬೇಕು, ಮನೆ ಮುಂದೆ ಅಡಿಕೆ ಒಣಗಿಸುವ ಅಂಗಳ ಇರಲೇಬೇಕು. ನನ್ನ ಬಾಯಿಂದ ಬಂದ ಉತ್ತರ: 'ಎರಡೆಕರೆ ಸಾರ್.'

ನಿಜ ಏನೆಂದರೆ, ನಮ್ಮದು ಎಸ್ಟೇಟಿನ ಲೈನ್ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಗೋಡೆಯಾಚೆ ಇನ್ನೊಂದು ಸಂಸಾರ. ಅಪ್ಪ ಕೊನೆಗಾರ. ಸುಗ್ಗಿಯಲ್ಲಿ ಬೇರೆಯವರ ಅಡಿಕೆ ಮರ ಹತ್ತಿ ಕೊನೆ ಇಳಿಸುವುದು, ಮಳೆಗಾಲದಲ್ಲಿ ಅದೇ ಮರ ಹತ್ತಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಅವರ ಕೆಲಸ. ಅಮ್ಮ ಅಡಿಕೆ ಸುಲಿಯಲು ಹೋಗುತ್ತಾಳೆ. ಕೊಯ್ದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಸುಲಿತ ರಾತ್ರಿಯೂ ನಡೆಯುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ನಡುರಾತ್ರಿ ಕಳೆದ ಮೇಲೆ.

ಹೀಗಾಗಿ ನನ್ನ ಸುಳ್ಳಿನಲ್ಲಿ ವಿವರಗಳಿಗೆ ಕೊರತೆ ಇರಲಿಲ್ಲ. ಯಾವ ತಿಂಗಳು ಏನು ಕೆಲಸ, ತುತ್ತ ಎಷ್ಟು, ಸುಣ್ಣ ಎಷ್ಟು, ಯಾವ ಮರ ಜಾರುತ್ತದೆ, ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದೆ. ತೋಟ ಯಾರದ್ದು ಎನ್ನುವುದೊಂದು ಬಿಟ್ಟು.

ನಾವು ಮೂವರು ಚೊಕ್ಕಸಂದ್ರದಲ್ಲಿ ಒಂದು ರೂಮಿನಲ್ಲಿದ್ದೇವೆ. ರೂಮಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಗದಗಿನವನು 'ಗದಗ', ಮದ್ದೂರಿನವನು 'ಮದ್ದೂರು', ನಾನು 'ಮಲ್ನಾಡು'. ಗದಗ ನನ್ನ ಜತೆಗೇ ಕೆಲಸ ಮಾಡುತ್ತಾನೆ. ಮದ್ದೂರು ಬಿ.ಎ. ಮುಗಿಸಿ, ಹಗಲು ಒಂದು ಗೋಡೌನಿನಲ್ಲಿ ಲೆಕ್ಕ ಬರೆದು, ರಾತ್ರಿ ಎಫ್‌ಡಿಎ ಪರೀಕ್ಷೆಗೆ ಓದುತ್ತಾನೆ. ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ? 'ಲೇ ಮಲ್ನಾಡ, ಈ ಮಳಿಗಾಲಕ್ಕ ನಿಮ್ಮ ತೋಟಕ್ಕ ಹೋಗೂಣು' ಎಂದು ಗದಗ ಕೇಳಿದಾಗಲೆಲ್ಲ ಒಂದೊಂದು ನೆಪ ಹುಡುಕುತ್ತಿದ್ದೆ. ಒಮ್ಮೆ ರಸ್ತೆ ಕುಸಿದಿದೆ, ಇನ್ನೊಮ್ಮೆ ಅಜ್ಜಿಗೆ ಹುಷಾರಿಲ್ಲ. ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು.

ಕಲಾಗ್ರಾಮಕ್ಕೆ ಹೊರಟಿದ್ದು

ಈ ಬೇಸಿಗೆಯಲ್ಲಿ ಒಂದು ದಿನ ಮದ್ದೂರು ಪೇಪರ್ ಹಿಡಿದುಕೊಂಡು ಬಂದ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನಾಟಕವಾಗಿ ಬೆಂಗಳೂರಿಗೆ ಬಂದಿದೆ, ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಇಡೀ ರಾತ್ರಿ, ಒಂಬತ್ತು ಗಂಟೆಯ ಪ್ರದರ್ಶನ. 'ಕುವೆಂಪು ಬರೆದ ಕಾದಂಬರಿ ಎರಡೇ ಕಣ್ಲಾ. ಕಾನೂರು ಹೆಗ್ಗಡಿತಿ 1936, ಇದು 1967. ಪರೀಕ್ಷೇಲಿ ಬಂದೇ ಬತ್ತದೆ. ಓದಕ್ಕೆ ದಪ್ಪ ಐತೆ, ನೋಡ್ಕೊಂಡಾದ್ರೂ ಬರಾನ' ಎಂದ. ಗದಗ ನನ್ನ ಭುಜ ತಟ್ಟಿ, 'ನಿಮ್ಮೂರಿಗಂತೂ ಕರ್ಕೊಂಡು ಹೋಗ್ಲಿಲ್ಲ. ನಿಮ್ಮೂರ ಇಲ್ಲಿಗೆ ಬಂದೈತಿ, ನಡಿ' ಎಂದ.

ಹೋಗಬೇಕೆಂದರೆ ಶನಿವಾರದ ನೈಟ್ ಶಿಫ್ಟಿನ ಓಟಿ ಬಿಡಬೇಕು. ನಮ್ಮ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ. ಮೂರು ದಿನ ಲೆಕ್ಕ ಹಾಕಿ, ಕೊನೆಗೆ ಹೊರಟೆವು. ಗೊರಗುಂಟೆಪಾಳ್ಯದಲ್ಲಿ ಬಸ್ ಹತ್ತಿ, ರಿಂಗ್ ರೋಡಿನಲ್ಲಿ ಸುಮನಹಳ್ಳಿ ದಾಟಿ, ನಾಗರಭಾವಿ ಕಡೆ ಇಳಿದು, ಅಲ್ಲಿಂದ ಆಟೊ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೆ ಹತ್ತಿರದಲ್ಲೇ ಇದೆ ಕಲಾಗ್ರಾಮ. ಗೇಟಿನ ಒಳಗೆ ಹೋದರೆ ಹಾರ್ನ್ ಸದ್ದು ಹಿಂದೆ ಉಳಿಯಿತು. ಜನ ಚಾಪೆ, ದಿಂಬು, ಶಾಲು, ಮಲಗಿದ ಮಕ್ಕಳನ್ನು ಹೊತ್ತುಕೊಂಡು ಬರುತ್ತಿದ್ದರು. ಒಳ್ಳೇ ಜಾತ್ರೆಯ ಹಾಗೆ.

ಈ ನಾಟಕದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಕಾದಂಬರಿಯನ್ನು ರಂಗಕ್ಕೆ ತಂದವರು ಕೆ.ವೈ. ನಾರಾಯಣಸ್ವಾಮಿ, ನಿರ್ದೇಶನ ಸಿ. ಬಸವಲಿಂಗಯ್ಯ, ಸಂಗೀತ ಹಂಸಲೇಖ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಮೊದಲು ಪ್ರದರ್ಶನವಾಯಿತು. ಇದರ ವಿಶೇಷ ಏನೆಂದರೆ ಒಂದೇ ವೇದಿಕೆ ಇಲ್ಲ. ಬಯಲಿನಲ್ಲಿ ನಾಲ್ಕು ಕಡೆ ರಂಗಸ್ಥಳಗಳಿವೆ. ಕಥೆ ಒಂದು ಕಡೆ ನಡೆದು ಮುಗಿದರೆ ಪ್ರೇಕ್ಷಕರೆಲ್ಲ ಎದ್ದು ಮುಂದಿನ ಜಾಗಕ್ಕೆ ನಡೆಯಬೇಕು. ಪರದೆ ಬದಲಾಗುವುದಿಲ್ಲ, ನಾವೇ ಬದಲಾಗುತ್ತೇವೆ. ಕಥೆ ಹೇಳುವವರು ಜೋಗಿಗಳು. ಹಾಡುತ್ತಾ ಬಂದು ನಮ್ಮನ್ನು ಹಳೆಯ ಮಲೆನಾಡಿಗೆ ಕರೆದುಕೊಂಡು ಹೋಗುತ್ತಾರೆ.

ನಾಡು, ಬೆಟ್ಟ, ಜನಜೀವನವನ್ನೇ ನಾಟಕ ಮಾಡಿ ಪ್ರೇಕ್ಷಕರನ್ನು ಅದರ ಒಳಗೆ ಕೂರಿಸುವ ಪ್ರಯೋಗ ಬೇರೆ ದೇಶಗಳಲ್ಲೂ ಇದೆ. ಒಮ್ಮೆ ರೆಸ್ಯೂಮೆ ಪ್ರಿಂಟ್ ತೆಗೆಸಲು ಇಂಟರ್‌ನೆಟ್ ಸೆಂಟರಿಗೆ ಹೋದಾಗ ಯೂಟ್ಯೂಬಿನಲ್ಲಿ ಚೀನಾದ ಒಂದು ಪ್ರದರ್ಶನದ ತುಣುಕು ನೋಡಿದ್ದೆ. ಗುವಾಂಗ್ಷಿ ಪ್ರಾಂತ್ಯದ ಯಾಂಗ್‌ಶುವೊ ಎಂಬಲ್ಲಿ, ಲಿ ನದಿಯ ಮೇಲೇ ನಡೆಯುವ ಆಟ. 2004ರಲ್ಲಿ ಶುರುವಾಗಿದ್ದು. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯನ್ನು ನಿರ್ದೇಶಿಸಿದ ಝಾಂಗ್ ಯಿಮೋ ಅದರ ನಿರ್ದೇಶಕರಲ್ಲಿ ಒಬ್ಬರು. ಅಲ್ಲಿ ನದಿಯೇ ವೇದಿಕೆ, ಸುತ್ತಲಿನ ಬೆಟ್ಟಗಳೇ ಹಿನ್ನೆಲೆ. ಬಿದಿರ ತೆಪ್ಪದಲ್ಲಿ ಸಾಲಾಗಿ ಬರುವ ಕಲಾವಿದರಲ್ಲಿ ಆ ಊರಿನ ಬೆಸ್ತರು, ರೈತರೇ ಇದ್ದಾರೆ. ನೂರಾರು ಜನ. ನೋಡಿದಾಗ ಬೆರಗಾಗಿತ್ತು. ಜತೆಗೆ ಒಂದು ಪ್ರಶ್ನೆಯೂ ಉಳಿದಿತ್ತು: ತೆಪ್ಪದ ಮೇಲಿರುವ ಆ ಮನುಷ್ಯ ಮನೆಗೆ ಹೋದ ಮೇಲೆ ಏನು ಮಾತಾಡುತ್ತಾನೆ?

ಆ ರಾತ್ರಿ ಕಂಡ ಮಲೆನಾಡು

ನಾನು ಅಂದುಕೊಂಡಿದ್ದು ಏನೆಂದರೆ, ಹಸಿರು ಲೈಟು ಬಿಡುತ್ತಾರೆ, ಮಳೆ ಸದ್ದು ಹಾಕುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಮಲೆನಾಡು ಎಷ್ಟು ಚಂದ ಎನ್ನುತ್ತಾರೆ. ಫೇಸ್‌ಬುಕ್‌ನಲ್ಲಿ ಬರುವ ಹೋಂಸ್ಟೇ ಫೋಟೊಗಳ ಹಾಗೆ. ಚಂದ ಇರಲಿಲ್ಲವೆಂದಲ್ಲ. ಮರ, ಬಿದಿರು, ಬಯಲಿನ ಕತ್ತಲೆ, ಹಂಸಲೇಖ ಅವರ ಸಂಗೀತ, ಎಲ್ಲ ಸೇರಿ ಮಲ್ಲತ್ತಹಳ್ಳಿಯ ಆ ಬಯಲು ಬೇರೆಯೇ ಸೀಮೆಯಾಗಿತ್ತು. ಆದರೆ ಆ ಮಲೆನಾಡಿನಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಬೆಟ್ಟವಲ್ಲ, ಕಂಬಳಿ ಹೊದ್ದು ನಾಯಿಯ ಜತೆ ನಡೆಯುವ ಒಬ್ಬ ಜೀತದಾಳು. ಅವನ ಹೆಸರು ಗುತ್ತಿ. ಹುಲಿಯ ಎಂಬ ನಾಯಿ ಸದಾ ಜತೆಗಿರುವುದರಿಂದ ನಾಯಿಗುತ್ತಿ.

ಕಥೆ 19ನೇ ಶತಮಾನದ ಕೊನೆಯದು. ಸಿಂಬಾವಿ ಹೆಗ್ಗಡೆಯವರ ಆಳು ಗುತ್ತಿ ಬೆಟ್ಟಳ್ಳಿಯ ತಿಮ್ಮಿಯನ್ನು ಮದುವೆಯಾಗಬೇಕು. ಆದರೆ ಅವಳನ್ನು ಬೇರೊಬ್ಬನಿಗೆ ಕೊಡಬೇಕೆಂದು ಅಲ್ಲಿನವರು ತೀರ್ಮಾನಿಸಿದ್ದಾರೆ. ಆಳಿನ ಮದುವೆ ಕೂಡ ಆಳಿನ ಕೈಯಲ್ಲಿಲ್ಲ. ಇತ್ತ ಕೋಣೂರಿನ ಮುಕುಂದಯ್ಯ, ಹೂವಳ್ಳಿಯ ಚಿನ್ನಮ್ಮ ಒಬ್ಬರನ್ನೊಬ್ಬರು ಮೆಚ್ಚಿದ್ದಾರೆ. ದೊಡ್ಡವರ ಮನೆಯವರು ಅವರು, ಆದರೆ ಚಿನ್ನಮ್ಮನೂ ತನಗೆ ಬೇಡದ ಮದುವೆಯಿಂದ ತಪ್ಪಿಸಿಕೊಳ್ಳಲು ರಾತ್ರೋರಾತ್ರಿ ಕಾಡಿಗೆ ಓಡಬೇಕು. ಅವಳಿಗೆ ದಾರಿ ತೋರಿಸುವವರು ಆಳುಗಳಾದ ಐತ ಮತ್ತು ಪೀಂಚಲು. ಮಿಷನರಿ ಪಾದ್ರಿ ಬರುತ್ತಾನೆ, ಊರಿಗೆ ಮೊದಲ ಸೈಕಲ್ ಬರುತ್ತದೆ, ಜನ ಬೆರಗಾಗಿ ನೆರೆಯುತ್ತಾರೆ. ಸಿನಿಮಾದ ಹಾಗೆ ಒಬ್ಬ ಹೀರೊ ಇಲ್ಲ. ಹೆಗ್ಗಡೆಗೆ ಎಷ್ಟು ಜಾಗವೋ ಆಳಿಗೂ ನಾಯಿಗೂ ಅಷ್ಟೇ ಜಾಗ.

ಎರಡನೇ ರಂಗಸ್ಥಳಕ್ಕೆ ನಡೆದಾಗ ಗದಗ, ಮದ್ದೂರು ಇಬ್ಬರೂ ನನ್ನನ್ನು ಡಿಕ್ಷನರಿ ಮಾಡಿಕೊಂಡಿದ್ದರು. ಅದೆಂಥ ಮಾತು, ಇದೇನು ವಸ್ತು ಎಂದು ಕೇಳುವುದು, ನಾನು ಹೇಳುವುದು. ಇಂಟರ್‌ವ್ಯೂಗಳಲ್ಲಿ ನನ್ನ 'ಎಂಥ', 'ಹೌದನಾ' ಹೊರಗೆ ಬಾರದಂತೆ ತಡೆಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಇಲ್ಲಿ ಅದೇ ಮಾತನ್ನು ನೂರಾರು ಜನ ನಿದ್ದೆಗೆಟ್ಟು ಕೇಳುತ್ತಿದ್ದಾರೆ. ನಗಬೇಕಾದಲ್ಲಿ ನಗುತ್ತಿದ್ದಾರೆ. ಪಕ್ಕದಲ್ಲಿ ಕೂತಿದ್ದ ಅಂಕಲ್ ಒಬ್ಬರು ಒಂದು ಪದದ ಅರ್ಥ ನನ್ನನ್ನೇ ಕೇಳಿ ತಿಳಿದುಕೊಂಡರು.

ರಾತ್ರಿ ಎರಡು ಗಂಟೆ ದಾಟಿರಬೇಕು. ಮೂರನೇ ಜಾಗದಲ್ಲಿ ಕೂತಿದ್ದೆವು. ಹೆಗ್ಗಡೆಯೊಬ್ಬ ದರ್ಪದಿಂದ ಮಾತಾಡುತ್ತಿದ್ದ. ಆಳು ತಲೆ ತಗ್ಗಿಸಿ, ಕಂಬಳಿಯನ್ನು ಎದೆಗೆ ಎಳೆದುಕೊಂಡು, ಜಗುಲಿಯ ಕೆಳಗೆ ನಿಂತಿದ್ದ. ಆ ನಿಲುವು ನನಗೆ ಗೊತ್ತು. ಮಳೆಗಾಲದ ಶನಿವಾರ ಸಂಜೆ ವಾರದ ಬಟವಾಡೆಗೆ ಅಪ್ಪ ಸಾಹುಕಾರರ ಜಗುಲಿಯ ಕೆಳಗೆ ನಿಲ್ಲುತ್ತಿದ್ದದ್ದು ಹಾಗೇ. ಚಿಕ್ಕವನಿದ್ದಾಗ ಅವರ ಪಕ್ಕದಲ್ಲಿ ನಾನೂ ನಿಂತಿದ್ದೇನೆ. ಮಾಡಿನ ನೀರು ನಮ್ಮ ಬೆನ್ನ ಮೇಲೆ ಬೀಳುತ್ತಿತ್ತು. ಅಪ್ಪನ ಅಂಗಿಯಲ್ಲಿ ತುತ್ತದ ನೀಲಿ ಕಲೆ ಎಂದೂ ಹೋಗುತ್ತಿರಲಿಲ್ಲ.

ಗದಗ ನನ್ನ ಕಿವಿಯ ಹತ್ತಿರ ಬಂದು, 'ಈ ಹೆಗ್ಗಡೇರು ಅಂದ್ರ ನಿಮ್ಮಂಥಾವ್ರೇನಲೇ? ತೋಟ ಇದ್ದಾವ್ರು?' ಎಂದ.

ನೆಪ ಹುಡುಕಲು ಆಗಲಿಲ್ಲ. 'ಅಲ್ಲ. ಕೆಳಗೆ ನಿಂತಿದಾನಲ್ಲ, ನಾವು ಅವನ ಕಡೆಯವರು' ಎಂದೆ.

'ಮತ್ತ ಎರಡೆಕರೆ?'

'ಸುಳ್ಳು. ಅಪ್ಪ ಬೇರೆಯವರ ಮರ ಹತ್ತೋದು. ನಮ್ಮದು ಲೈನ್ ಮನೆ.'

ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬೈಯುತ್ತಾನೆ ಎಂದುಕೊಂಡೆ. ಒಂದೂವರೆ ವರ್ಷ ಒಂದೇ ತಟ್ಟೆಯಲ್ಲಿ ಉಂಡವನಿಗೆ ಸುಳ್ಳು ಹೇಳಿದ್ದೇನೆ, ಬೈದರೂ ತಪ್ಪಿಲ್ಲ. ಆಟ ಮುಗಿದು ನಾಲ್ಕನೇ ಜಾಗಕ್ಕೆ ಎದ್ದಾಗ, 'ಛಾ ಕುಡಿತಿ ಏನು?' ಎಂದು ಕೇಳಿದ. ಮೂರು ಕಪ್ ತಂದ. ಮದ್ದೂರಿಗೂ ವಿಷಯ ಹೇಳಿರಬೇಕು, ಅವನು ನನ್ನ ಚಾಪೆಯನ್ನೂ ತಾನೇ ಹೊತ್ತುಕೊಂಡು ನಡೆದ. ಅಷ್ಟೇ. ಇಷ್ಟು ದಿನ ನಾನು ಹೆದರಿದ್ದು ಇದಕ್ಕಾ ಎನ್ನಿಸಿತು.

ಓಡಿಹೋದವರು

ಆ ರಾತ್ರಿ ನನಗೆ ಹೊಳೆದದ್ದನ್ನು ಹೇಳಲು ಪ್ರಯತ್ನಿಸುತ್ತೇನೆ. ಊರು ಬಿಟ್ಟು ಬಂದದ್ದಕ್ಕೆ ನನ್ನೊಳಗೆ ಒಂದು ಅಳುಕು ಇತ್ತು. 'ಅಂಥ ಸ್ವರ್ಗ ಬಿಟ್ಟು ಈ ಧೂಳಿಗೆ ಯಾಕಯ್ಯಾ ಬಂದೆ?' ಎಂದು ಯಾರಾದರೂ ಕೇಳಿದರೆ ಉತ್ತರ ಇರಲಿಲ್ಲ. ಊರಿನ ಬೆಟ್ಟ, ಹೊಳೆ, ಮಳೆ ಎಲ್ಲ ನನಗೂ ಇಷ್ಟ. ಮಳೆ ಹಿಡಿದಾಗ ಪೀಣ್ಯದ ಶೀಟಿನ ಛಾವಣಿಯ ಕೆಳಗೆ ನಿಂತು ಊರನ್ನು ನೆನೆದಿದ್ದೇನೆ. ಆದರೆ ಆ ಸ್ವರ್ಗದಲ್ಲಿ ನನಗಾಗಿ ಇದ್ದ ಜಾಗ ಜಗುಲಿಯ ಕೆಳಗೆ. ಗುತ್ತಿಗೂ ಆ ಕಾಡು ಇಷ್ಟವೇ. ಅದರ ಒಂದೊಂದು ದಾರಿಯೂ ಅವನಿಗೆ ಗೊತ್ತು. ಆದರೂ ಅವನು ತಿಮ್ಮಿಯನ್ನು ಕರೆದುಕೊಂಡು ಓಡಬೇಕು. ಊರು ಪ್ರೀತಿಸುವುದು ಬೇರೆ, ಊರಿನಲ್ಲಿ ಬದುಕಲು ಸಾಧ್ಯವಾಗುವುದು ಬೇರೆ. ಇದನ್ನು ಹೇಳಲು ನಾಚಿಕೆ ಪಡಬೇಕಾದವನು ನಾನಲ್ಲ.

ಅಂದಹಾಗೆ, ರಾತ್ರಿಯಿಡೀ ಎದ್ದಿರುವುದು ನಮ್ಮ ಮನೆಗೆ ಹೊಸದಲ್ಲ. ಅಮ್ಮ ಸುಲಿತಕ್ಕೆ ಎದ್ದಿರುತ್ತಾಳೆ, ನಾನು ನೈಟ್ ಶಿಫ್ಟಿನಲ್ಲಿ ಒಂದೇ ಬುಷ್ಷನ್ನು ಮತ್ತೆ ಮತ್ತೆ ಅಳೆಯುತ್ತಾ, ಕೂಲೆಂಟ್ ವಾಸನೆಯಲ್ಲಿ ಎದ್ದಿರುತ್ತೇನೆ. ಬೇರೆಯವರ ಕೆಲಸಕ್ಕೆ ಎಷ್ಟೋ ರಾತ್ರಿ ಕಳೆದಿದ್ದೇವೆ. ನನಗೋಸ್ಕರ ಎದ್ದಿದ್ದ ರಾತ್ರಿ ಇದೊಂದೇ. ಅಪ್ಪನಿಗೆ ಮಾತ್ರ ಇಂಥ ರಾತ್ರಿಗಳು ಬೇಕಾದಷ್ಟಿವೆ. ಯಕ್ಷಗಾನ ಮೇಳ ಹತ್ತಿರದಲ್ಲಿ ಎಲ್ಲೇ ಬಿಡಾರ ಹೂಡಿದರೂ ಟಾರ್ಚ್ ಹಿಡಿದು ನಡೆದು ಹೋಗುತ್ತಾರೆ. ಬೆಳಗಿನವರೆಗೆ ಆಟ ನೋಡಿ, ಮುಖ ತೊಳೆದು, ಮರ ಹತ್ತಲು ಹೋಗುತ್ತಾರೆ. ಪ್ರೇಕ್ಷಕರನ್ನು ಕಥೆಯೊಳಗೆ ಕೂರಿಸುವ ನಾಟಕಗಳನ್ನು ನ್ಯೂಯಾರ್ಕ್, ಲಂಡನ್ನಿನಲ್ಲಿ ಹೊಸ ಅಲೆ ಎಂದು ಕರೆಯುತ್ತಾರಂತೆ. ನಮ್ಮ ಬಯಲಾಟಗಳ ಪ್ರೇಕ್ಷಕರು ಎಷ್ಟೋ ಕಾಲದಿಂದ ಹಾಗೇ ಕೂತಿದ್ದಾರೆ.

ನಾಟಕ ಮುಗಿಯುವ ಹೊತ್ತಿಗೆ ನಿಜಕ್ಕೂ ಹಕ್ಕಿಗಳು ಕೂಗಲು ಶುರುಮಾಡಿದ್ದವು. ಗುತ್ತಿ, ತಿಮ್ಮಿ ತುಂಬಿ ಹರಿಯುವ ತುಂಗೆಯನ್ನು ದಾಟುತ್ತಾರೆ. ಹುಲಿಯ ದಾಟುವುದಿಲ್ಲ. ಪ್ರವಾಹ ಆ ನಾಯಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ತಪ್ಪಿಸಿಕೊಂಡು ಹೋಗುವವರು ಎಲ್ಲವನ್ನೂ ಜತೆಗೆ ಒಯ್ಯಲು ಆಗುವುದಿಲ್ಲ. ಸುತ್ತ ನೋಡಿದೆ. ಮದ್ದೂರು ಕಣ್ಣೊರೆಸಿಕೊಳ್ಳುತ್ತಿದ್ದ. 'ಧೂಳು ಕಣ್ಲಾ' ಎಂದ.

ಬಸ್ ಸ್ಟಾಪಿನಲ್ಲಿ ನಿಂತು ಊರಿಗೆ ಫೋನ್ ಮಾಡಿದೆ.

'ಅಪ್ಪ, ರಾತ್ರಿಯಿಡೀ ನಾಟಕ ನೋಡ್ದೆ.'

'ಹೌದನಾ? ಯಾವ ಮೇಳ?'

'ಮೇಳ ಅಲ್ಲ ಅಪ್ಪ. ಕುವೆಂಪು ಅವರದ್ದು. ನಮ್ಮ ಕಡೆ ಕಥೆ.'

'ಕುಪ್ಪಳ್ಳಿಯವರದ್ದಾ! ಭಾಗವತರು ಯಾರು?'

ಹಂಸಲೇಖ ಎಂದು ಹೇಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಬಸ್ ಬಂತು.

ಕಳೆದ ತಿಂಗಳು ಮೂವರೂ ಊರಿಗೆ ಹೋಗಿದ್ದೆವು. ಲೈನ್ ಮನೆಗೇ. ಜಡಿಮಳೆ, ಔಷಧಿ ಹೊಡೆಯುವ ಸಮಯ. ಮಲಗಲು ಜಾಗ ಸಾಲದೆ ಗದಗ ಅಡುಗೆಮನೆಯಲ್ಲಿ ಒಲೆಯ ಪಕ್ಕ ಮಲಗಿದ, ಅದೇ ಬೆಚ್ಚಗಿನ ಜಾಗ ಎಂದು ಎರಡನೇ ದಿನ ಮದ್ದೂರು ಜಗಳ ಮಾಡಿದ. ಅಮ್ಮ ಕಡುಬು ಮಾಡಿ ಹಾಕಿದಳು. ಉಂಬಳ ಕಾಲಿಗೆ ಹತ್ತಿದಾಗ ಗದಗ ಕೂಗಿದ ಕೂಗಿಗೆ ಇಡೀ ಲೈನ್ ಹೊರಗೆ ಬಂತು. ಒಂದು ಮಧ್ಯಾಹ್ನ ಮಳೆ ಬಿಟ್ಟಾಗ ಅಪ್ಪ ಮರ ಹತ್ತುವುದನ್ನು ಇಬ್ಬರೂ ಕೆಳಗೆ ನಿಂತು ಕತ್ತೆತ್ತಿ ನೋಡಿದರು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಅಪ್ಪ ಬಾಗಿ ದಾಟಿದಾಗ ಇಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ಅವರಿಗೆ ಅಪ್ಪನನ್ನು ತೋರಿಸಲು ನಾನು ಇಷ್ಟು ದಿನ ಯಾಕೆ ಹಿಂಜರಿದೆ ಎಂದು ನನಗೇ ಅರ್ಥವಾಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮದ್ದೂರು ಅಪ್ಪನಿಗೆ ನಾಟಕದ ಕಥೆಯನ್ನು ಮೊದಲಿಂದ ಹೇಳಿದ. ಅಪ್ಪ ಎಲ್ಲ ಕೇಳಿಸಿಕೊಂಡು, 'ಅದರಲ್ಲಿ ಕೊನೆ ತೆಗೆಯೋರು ಇದ್ರನಾ?' ಎಂದು ಕೇಳಿದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

'ಹಂಗಾರೆ ಇನ್ನೊಂದ್ಸಲ ಸರಿಯಾಗಿ ನೋಡ್ಕಂಡು ಬನ್ನಿ' ಎಂದರು ಅಪ್ಪ.

ಮತ್ತೆ ಪ್ರದರ್ಶನ ಇಟ್ಟರೆ ಹೋಗುವುದಂತೂ ಖಂಡಿತ. ಈ ಸಲ ಚಾಪೆ ನಾಲ್ಕು ಬೇಕು. ಓಟಿ ಹೋದರೆ ಹೋಗಲಿ, ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ.